ಕಾಲಿದ್ದಷ್ಟು ಹಾಸಿಗೆ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನನ್ನ ಬಳಿ ಹೈಸ್ಕೂಲ್ ಮೇಷ್ಟ್ರೊಬ್ಬರು ಬಂದರು. ವಯಸ್ಸು ಐವತ್ತೊಂದು. ಸಕ್ಕರೆ ಕಾಯಿಲೆ ಇಲ್ಲ, ರಕ್ತದ ಒತ್ತಡ ಇಲ್ಲ. ಪ್ರತಿ ವರ್ಷ ರಜೆಯಲ್ಲಿ ನಾಲ್ಕೈದು ದಿನ ಸೈಕಲ್ ಮೇಲೆ ಊರೂರು ತಿರುಗುವುದು ಅವರ ಹವ್ಯಾಸ. ಈ ಸಲ ಹಿಂತಿರುಗಿದ ಮೇಲೆ ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿದವು. ವಾರ ಕಳೆದರೂ ಜೋಮು ಬಿಡಲಿಲ್ಲ. ಅಂಗಿಯ ಗುಂಡಿ ಹಾಕಲು ತಡವರಿಸುತ್ತಿದ್ದರು. ಶಾಲೆ ಆರಂಭವಾದರೆ ಸೀಮೆಸುಣ್ಣ ಹಿಡಿಯುವುದು ಹೇಗೆ ಎಂಬ ಚಿಂತೆ ಬೇರೆ.

“ಡಾಕ್ಟ್ರೇ, ಇನ್ನು ಸೈಕಲ್ ಬಿಟ್ಟುಬಿಡಬೇಕೇ?” ಎಂದು ಕೇಳಿದವರು ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರವಿದರು. ಮೂರು ಚಕ್ರ, ಒಳಗೆ ಒರಗಿ ಕುಳಿತ ಮನುಷ್ಯ, ಮೇಲೆ ಮೀನಿನಾಕಾರದ ಹೊದಿಕೆ. “ಇದಕ್ಕೆ ವೆಲೊಮೊಬೈಲ್ ಅಂತಾರೆ. ಮನೆಯಲ್ಲೇ ಕಟ್ಟಬೇಕು ಅಂತಿದ್ದೇನೆ. ಇದರಲ್ಲಾದರೆ ಕೈ ಉಳಿಯುತ್ತದೆಯೇ?” ಎಂದರು. ಪಕ್ಕದಲ್ಲಿದ್ದ ಅವರ ಪತ್ನಿ ಸುಮ್ಮನಿರಲಿಲ್ಲ. “ಅಷ್ಟು ಕೆಳಗೆ ಕೂತರೆ ಲಾರಿಯವನಿಗೆ ಇವರು ಕಾಣಿಸ್ತಾರಾ, ಅದನ್ನ ಮೊದಲು ಕೇಳಿ ಡಾಕ್ಟ್ರೇ!”

ಎರಡೂ ಪ್ರಶ್ನೆಗಳು ಸರಿಯಾದವೇ. ನಿಮ್ಮ ಮನೆಯಲ್ಲೂ ದೂರದ ಸೈಕಲ್ ಪ್ರವಾಸದ ಹುಚ್ಚಿರುವವರು ಒಬ್ಬರಿರಬಹುದು. ಅವರಿಗೂ ಅವರ ಬಗ್ಗೆ ಆತಂಕಪಡುವವರಿಗೂ ಇಂದಿನ ಈ ಲೇಖನ.

ಜೋಮು ಹಿಡಿಯುವುದೇಕೆ?

ಸೈಕಲ್ ತುಳಿಯುವುದು ಹೃದಯಕ್ಕೂ ಶ್ವಾಸಕೋಶಕ್ಕೂ ಒಳ್ಳೆಯ ವ್ಯಾಯಾಮ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸಾಮಾನ್ಯ ಸೈಕಲ್ಲಿನ ಮೇಲೆ ನಿಮ್ಮ ದೇಹದ ಭಾರವೆಲ್ಲ ಸೀಟು, ಹ್ಯಾಂಡಲ್ ಮತ್ತು ಪೆಡಲ್ ಎಂಬ ಮೂರೇ ಜಾಗಗಳ ಮೇಲೆ ಬೀಳುತ್ತದೆ. ಅರ್ಧ ಗಂಟೆಯ ಸವಾರಿಯಲ್ಲಿ ಇದು ತಿಳಿಯುವುದಿಲ್ಲ. ದಿನಕ್ಕೆ ಆರೇಳು ಗಂಟೆಯಂತೆ ನಾಲ್ಕು ದಿನ ತುಳಿದಾಗ ತಿಳಿಯುತ್ತದೆ.

ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಒಂದು ಇಕ್ಕಟ್ಟಾದ ಓಣಿಯಿದೆ. ‘ಅಲ್ನಾರ್’ ಎಂಬ ನರ ಆ ಓಣಿಯ ಮೂಲಕ ಬೆರಳುಗಳಿಗೆ ಹೋಗುತ್ತದೆ. ಹ್ಯಾಂಡಲ್ ಅಲ್ಲೇ ಒತ್ತುತ್ತಿದ್ದರೆ ಕಿರುಬೆರಳು ಮತ್ತು ಉಂಗುರದ ಬೆರಳಿಗೆ ಜೋಮು ಹಿಡಿಯುತ್ತದೆ, ಹಿಡಿತದ ಬಲ ಕುಗ್ಗುತ್ತದೆ. ಅದೇ ರೀತಿ ಕಿರಿದಾದ ಸೀಟು ತೊಡೆಸಂದಿನ ನರಗಳನ್ನೂ ರಕ್ತನಾಳಗಳನ್ನೂ ಒತ್ತುವುದರಿಂದ ಅಲ್ಲಿಯೂ ಮರಗಟ್ಟುತ್ತದೆ. ಹೇಳಿಕೊಳ್ಳಲು ಸಂಕೋಚಪಟ್ಟು ಅನೇಕರು ಇದನ್ನು ಮುಚ್ಚಿಡುತ್ತಾರೆ. ಮುಂದೆ ಬಾಗಿದ ದೇಹದ ಮೇಲೆ ತಲೆಯನ್ನು ಎತ್ತಿ ಹಿಡಿಯಬೇಕಾದ್ದರಿಂದ ಕತ್ತು ನೋಯುತ್ತದೆ.

‘ವ್ಯಾಯಾಮವೆಂದರೆ ಸ್ವಲ್ಪ ನೋವು ಇದ್ದೇ ಇರುತ್ತದೆ’ ಎಂದು ಸಹಿಸಿಕೊಳ್ಳಬೇಡಿ. ದಣಿದ ಸ್ನಾಯುವಿನ ನೋವು ಬೇರೆ, ನರದ ಜೋಮು ಬೇರೆ. ಜೋಮು ಬಂತೆಂದರೆ ಯಂತ್ರ ನಿಮ್ಮ ದೇಹಕ್ಕೆ ಹೊಂದುತ್ತಿಲ್ಲ ಎಂದರ್ಥ. ಎಷ್ಟೋ ಸಲ ಹ್ಯಾಂಡಲ್ ಎತ್ತರಿಸುವುದು, ಮೆತ್ತೆಯ ಕೈಚೀಲ ಹಾಕಿಕೊಳ್ಳುವುದು, ಆಗಾಗ ಹಿಡಿತ ಬದಲಿಸುವುದು, ಸೀಟನ್ನು ಸರಿಪಡಿಸುವುದು, ಇಷ್ಟರಿಂದಲೇ ತೊಂದರೆ ನೀಗುತ್ತದೆ. ಇವೆಲ್ಲ ಮಾಡಿದ ಮೇಲೂ ನೀಗದವರಿಗೆ ಇನ್ನೊಂದು ದಾರಿಯಿದೆ. ಅದು ಕುಳಿತುಕೊಳ್ಳುವ ರೀತಿಯನ್ನೇ ಬದಲಿಸುವುದು.

ಒರಗಿ ತುಳಿಯುವ ಬಂಡಿ

ಆರಾಮ ಕುರ್ಚಿಯಲ್ಲಿ ಒರಗಿ ಕಾಲು ಚಾಚಿ ಪೆಡಲ್ ತುಳಿಯುವ ಕಲ್ಪನೆ ಹೊಸದೇನಲ್ಲ. ಫ್ರಾನ್ಸಿನ ಚಾರ್ಲ್ಸ್ ಮೋಶೆ 1920ರ ದಶಕದಲ್ಲಿ ತನ್ನ ಮಗ ಜಾರ್ಜ್‌ಗಾಗಿ ನಾಲ್ಕು ಚಕ್ರದ ಪೆಡಲ್ ಬಂಡಿಯೊಂದನ್ನು ಕಟ್ಟಿಕೊಟ್ಟ. ಹುಡುಗನಿಗೆ ಸೈಕಲ್ ಅಪಾಯ ಎಂಬುದು ತಾಯಿಯ ಹೆದರಿಕೆಯಾಗಿತ್ತು. ಆ ಬಂಡಿಯೇ ಬೆಳೆದು ದೊಡ್ಡವರು ತುಳಿಯುವ ‘ವೆಲೋಕಾರ್’ ಆಯಿತು. ಅದನ್ನೇ ಎರಡು ಚಕ್ರಕ್ಕೆ ಇಳಿಸಿ ಮಾಡಿದ ಒರಗು ಸೈಕಲ್ ಮೇಲೆ ಫ್ರಾನ್ಸಿಸ್ ಫೋರ್ ಎಂಬ ಸವಾರ 1933ರಲ್ಲಿ ಒಂದು ಗಂಟೆಗೆ 45 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿ, 1914ರಿಂದ ಅಲುಗದೆ ನಿಂತಿದ್ದ ದಾಖಲೆಯನ್ನು ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟ ಇಂಥ ಸೈಕಲ್ಲುಗಳನ್ನು ಪಂದ್ಯಗಳಿಂದ ಹೊರಗಿಟ್ಟಿತು. ಪಂದ್ಯಗಳಿಂದ ಹೊರಬಿದ್ದ ಒರಗು ಸೈಕಲ್ ಬಹುಕಾಲ ಮೂಲೆ ಸೇರಿತು.

1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ‘ಫಾಂಟಮ್’ ಎಂಬ ಪೆಡಲ್ ಕಾರಿನ ನಕ್ಷೆಗಳು ಬಿಸಿ ಬಿಸಿಯಾಗಿ ಮಾರಾಟವಾದವು. ನಕ್ಷೆ ಕೊಂಡವರು ಅಸಂಖ್ಯ, ಕಟ್ಟಿ ಮುಗಿಸಿದವರು ಬೆರಳೆಣಿಕೆಯಷ್ಟು. ಹವ್ಯಾಸಿಗಳು ಈ ಪಾಠವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. 1980ರ ದಶಕದಲ್ಲಿ ಡೆನ್ಮಾರ್ಕಿನ ಎಂಜಿನಿಯರ್ ಕಾರ್ಲ್ ಗೇಯೋರ್ಗ್ ರಾಸ್ಮುಸೆನ್ ‘ಲೈಟ್ರಾ’ ಎಂಬ ಮೂರು ಚಕ್ರದ ಬಂಡಿ ತಯಾರಿಸಿದರು. ಅದು ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಕಳಚಿಡಬಹುದಾದ ಫೈಬರ್ ಗ್ಲಾಸ್ ಹೊದಿಕೆ. 1990ರ ದಶಕದಲ್ಲಿ ಹಾಲೆಂಡಿನ ಬಾರ್ಟ್ ವೆರ್ಹೇಸ್ ಇನ್ನೊಂದು ದಾರಿ ತೋರಿಸಿದರು. ಅವರ ‘ಆಲೆವೇಡರ್’ಗೆ ಬೇರೆ ಚೌಕಟ್ಟೇ ಇಲ್ಲ. ವಿಮಾನದ ಹಾಗೆ ಅಲ್ಯುಮಿನಿಯಂ ತಗಡುಗಳಿಗೆ ರಿವೆಟ್ ಹೊಡೆದು ಮಾಡಿದ ಗೂಡೇ ಚೌಕಟ್ಟು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಂಡವರೂ ಇದ್ದರು. ಆ ಹೆಸರಿನ ಅರ್ಥ ‘ಎಲ್ಲ ಹವೆಗೂ’ ಎಂದು.

ಇಂಥ ಬಂಡಿಯಲ್ಲಿ ದೂರ ಹೋಗಬಹುದೇ ಎಂಬ ಸಂಶಯ ಬೇಡ. 2011ರಲ್ಲಿ ಐವತ್ತರ ಆಸುಪಾಸು ವೆಲೊಮೊಬೈಲ್ ಸವಾರರ ತಂಡವೊಂದು ಅಮೆರಿಕದ ಪಶ್ಚಿಮದ ಪೋರ್ಟ್‌ಲ್ಯಾಂಡಿನಿಂದ ಪೂರ್ವದ ರಾಜಧಾನಿ ವಾಷಿಂಗ್ಟನ್‌ವರೆಗೆ ಸುಮಾರು ನಾಲ್ಕು ವಾರಗಳಲ್ಲಿ ತುಳಿದು ಸಾಗಿತು.

ಗುಟ್ಟು ಎರಡು. ಮೊದಲನೆಯದು, ಭಾರವೆಲ್ಲ ಬೆನ್ನು ಮತ್ತು ಪೃಷ್ಠದ ಅಗಲವಾದ ಜಾಗದ ಮೇಲೆ ಹಂಚಿಹೋಗುತ್ತದೆ, ಕೈ ಕೇವಲ ದಿಕ್ಕು ತಿರುಗಿಸುತ್ತದೆ. ಆದ್ದರಿಂದ ಮೇಷ್ಟ್ರ ಪ್ರಶ್ನೆಗೆ ಉತ್ತರ ‘ಹೌದು, ಕೈ ಉಳಿಯುತ್ತದೆ’. ಎರಡನೆಯದು ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಮೀನಿನಾಕಾರದ ಹೊದಿಕೆ ಈ ತಡೆಯನ್ನೇ ಕಡಿಮೆ ಮಾಡುತ್ತದೆ. ಸಮತಟ್ಟು ರಸ್ತೆಯಲ್ಲಿ ಅದೇ ಶ್ರಮಕ್ಕೆ ಹೆಚ್ಚು ದೂರ ಸಾಗುತ್ತೀರಿ.

ಮೊದಲು ಗೋಡೆಗೆ ಒರಗಿ ಕೂರಿ

ಬಂಡಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಹೊದಿಕೆಯ ಅಂದಕ್ಕೆ ಮರುಳಾಗಿ ಅದನ್ನೇ ಮೊದಲು ಮಾಡುತ್ತಾರೆ, ಆಮೇಲೆ ಒಳಗೆ ತಾವು ಹಿಡಿಸುವಂತೆ ಮೈ ಕುಗ್ಗಿಸುತ್ತಾರೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಸಂಸಾರಕ್ಕೆ ಸರಿ. ಇಲ್ಲಿ ಅದು ತಿರುವುಮುರುವು. ಕಾಲಿದ್ದಷ್ಟು ಹಾಸಿಗೆ ಮಾಡಿಕೊಳ್ಳಬೇಕು.

ನೆಲದ ಮೇಲೆ ಗೋಡೆಗೆ ಬೆನ್ನು ಒತ್ತಿ, ಸವಾರಿಗೆ ಹಾಕುವ ಬೂಟು ತೊಟ್ಟು, ಕಾಲು ನೀಡಿ ಕುಳಿತುಕೊಳ್ಳಿ. ಗೋಡೆಯಿಂದ ಅಂಗಾಲಿನವರೆಗಿನ ದೂರವನ್ನು ಮನೆಯವರು ಅಳೆಯಲಿ. ಇದೇ ನಿಮ್ಮ ಬಂಡಿಯ ಮೂಲ ಅಳತೆ. ಪೆಡಲ್ ಅತಿ ದೂರದಲ್ಲಿದ್ದಾಗಲೂ ಮಂಡಿ ಸ್ವಲ್ಪ ಮಡಿಚಿರಬೇಕು, ಪೂರ್ತಿ ನೆಟ್ಟಗಾಗಿ ಬಿಗಿಯಬಾರದು. ಹಾಗೆಂದು ಪೆಡಲ್ ತೀರ ಹತ್ತಿರವಿದ್ದರೂ ಮಂಡಿ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ.

ಇನ್ನು ಹಳೆಯ ಹಲಗೆಗಳಿಂದ ಒಂದು ಬೆಂಚು ಮಾಡಿ. ಒರಗು ಹಲಗೆಯನ್ನು ಸುಮಾರು 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಎದುರಿಗೆ ಹಳೆ ಸೈಕಲ್ಲಿನ ಪೆಡಲ್ ಮತ್ತು ಕ್ರ್ಯಾಂಕ್ ಇರುವ ಭಾಗವನ್ನು ಮುಂದಕ್ಕೆ ಹಿಂದಕ್ಕೆ ಸರಿಸಲು ಬರುವಂತೆ ಬಿಗಿಯಿರಿ. ಒರಗು ಹೆಚ್ಚು ಮಲಗಿದಷ್ಟೂ ಗಾಳಿಯ ತಡೆ ಕಡಿಮೆ, ನಿಜ. ಆದರೆ ಮಂಡಿ ಮತ್ತು ಪಾದಗಳ ಮೇಲಿಂದ ರಸ್ತೆ ಕಾಣದಿದ್ದರೆ ಕತ್ತು ಎತ್ತಲೇಬೇಕು, ಮತ್ತೆ ಅದೇ ಕತ್ತು ನೋವು. ಈ ಬೆಂಚಿನ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ತುಳಿದು ನೋಡಿ. ಸೊಂಟದ ತಗ್ಗಿಗೆ ಮೆತ್ತೆ ಬೇಕೇ, ಎಲ್ಲಿ ಒತ್ತುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಸೀಟಿಗೆ ಸ್ಪಂಜಿಗಿಂತ ಮಂಚಕ್ಕೆ ಹೆಣೆಯುವ ನವಾರು ಮೇಲು. ಬೆನ್ನಿಗೆ ಗಾಳಿಯಾಡುತ್ತದೆ.

ಸೀಟು ಒಪ್ಪಿತವಾದ ಮೇಲೆಯೇ ಹೊದಿಕೆಯ ಮಾತು. ಬೆಂಚಿನ ಪಕ್ಕದಲ್ಲಿ ದೊಡ್ಡ ರಟ್ಟು ನಿಲ್ಲಿಸಿ. ನೀವು ನಿಧಾನವಾಗಿ ತುಳಿಯುತ್ತಿರುವಾಗ ಮಂಡಿ, ಹಿಮ್ಮಡಿ, ಬೂಟಿನ ತುದಿ ಎಲ್ಲೆಲ್ಲಿ ಸುತ್ತುತ್ತವೆಂದು ಮಗನೋ ಮಗಳೋ ಪೆನ್ಸಿಲ್ಲಿನಲ್ಲಿ ಗುರುತು ಹಾಕಲಿ. ಆ ಗೆರೆಯ ಹೊರಗೆ ಎಲ್ಲ ಕಡೆ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು ಹೊದಿಕೆಯ ಆಕಾರ ನಿರ್ಧರಿಸಿ.

ಚೌಕಟ್ಟಿಗೆ ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ವಿನ್ಯಾಸವೇ ಹವ್ಯಾಸಿಗೆ ಅನುಕೂಲ. ಸೀಟು ತಗ್ಗಾಗಿದ್ದು, ಮುಂದಿನ ಎರಡೂ ಚಕ್ರಗಳಿಗೆ ಬ್ರೇಕ್ ಇರಬೇಕು. ಮೂರು ಚಕ್ರದ ಬಂಡಿ ತಿರುವಿನಲ್ಲಿ ಸೈಕಲ್ಲಿನಂತೆ ಒಳಕ್ಕೆ ವಾಲುವುದಿಲ್ಲ. ವೇಗವಾಗಿ ತಿರುಗಿಸಿದರೆ ಮಗುಚುತ್ತದೆ. ಲೈಟ್ರಾದಂತೆ ಚೌಕಟ್ಟು ಬೇರೆ, ಹೊದಿಕೆ ಬೇರೆ ಇರಲಿ. ಆಗ ಕೆಲವು ತಿಂಗಳು ಹೊದಿಕೆಯಿಲ್ಲದೆ ಓಡಿಸಿ, ತಪ್ಪುಗಳನ್ನು ತಿದ್ದಿಕೊಳ್ಳಬಹುದು.

ಮಂಡಿಯ ಮೇಲೆ ನಿಗಾ ಇರಲಿ

ಕೈ ಉಳಿಯಿತೆಂದು ಮಂಡಿಯನ್ನು ಕಳೆದುಕೊಳ್ಳಬಾರದಲ್ಲ! ಸಾಮಾನ್ಯ ಸೈಕಲ್ಲಿನಲ್ಲಿ ನೀವು ಪೆಡಲನ್ನು ಬಹುಮಟ್ಟಿಗೆ ನಿಮ್ಮ ಭಾರದಿಂದ ಒತ್ತುತ್ತೀರಿ. ಒರಗು ಬಂಡಿಯಲ್ಲಿ ಬೆನ್ನಿಗೆ ಸೀಟಿನ ಆಸರೆಯಿದೆ. ಗೋಡೆಗೆ ಒರಗಿ ಬೀರುವನ್ನು ಕಾಲಿನಿಂದ ತಳ್ಳಿದಂತೆ, ನಿಮ್ಮ ಭಾರಕ್ಕಿಂತ ಹೆಚ್ಚು ಬಲ ಹಾಕಬಹುದು. ಆ ಬಲವನ್ನೆಲ್ಲ ತಾಳಬೇಕಾದದ್ದು ಮಂಡಿ.

ಏರಿನಲ್ಲಿ ಈ ಅಪಾಯ ಹೆಚ್ಚು. 70 ಕಿಲೋ ತೂಕದ ಸವಾರ, 10 ಕಿಲೋ ಸಾಮಾನು, 15 ಕಿಲೋ ಸೈಕಲ್ ಸೇರಿದರೆ 95 ಕಿಲೋ. ಅದೇ ಸವಾರ 35 ಕಿಲೋ ತೂಗುವ ವೆಲೊಮೊಬೈಲಿನಲ್ಲಿ ಕುಳಿತರೆ 115 ಕಿಲೋ. ಅಂದರೆ ಘಾಟಿ ಹತ್ತುವಾಗ ಶೇಕಡಾ 20ರಷ್ಟು ಹೆಚ್ಚು ಕೆಲಸ. ಇಲ್ಲಿ ಹೊದಿಕೆಯ ಉಪಯೋಗವೇನೂ ಇಲ್ಲ. ಆದ್ದರಿಂದ ತೀರ ಹಗುರವಾದ ಗೇರ್ ಹಾಕಿಸಿಕೊಳ್ಳಿ. ಪೆಡಲ್ ನಿಮಿಷಕ್ಕೆ 70ರಿಂದ 90 ಸುತ್ತು ಸುಲಭವಾಗಿ ತಿರುಗುತ್ತಿರಬೇಕು. ಮೂರು ಚಕ್ರವಿರುವುದರಿಂದ ನಡಿಗೆಯ ವೇಗದಲ್ಲಿ ಹೋದರೂ ಬೀಳುವ ಭಯವಿಲ್ಲ. ನಿಂತು ಉಸಿರು ತೆಗೆದುಕೊಂಡು ಮುಂದುವರಿಯಬಹುದು. ವಯಸ್ಸಾದವರಿಗೆ ಇದೊಂದು ದೊಡ್ಡ ಅನುಕೂಲ.

ಪಾದಗಳು ಎತ್ತರದಲ್ಲಿರುವುದರಿಂದ ಕೆಲವರಿಗೆ ಅಂಗಾಲು ಉರಿ, ಜೋಮು ಬರುವುದುಂಟು. ಬೂಟು ಬಿಗಿಯಾಗಿರಬಾರದು. ಪಾದವನ್ನು ಪೆಡಲಿಗೆ ಪಟ್ಟಿಯಿಂದ ಹಿಡಿದಿಡುವುದು ಮಾತ್ರ ಕಡ್ಡಾಯ. ಓಡುತ್ತಿರುವಾಗ ಪಾದ ಜಾರಿ ನೆಲಕ್ಕೆ ತಗುಲಿದರೆ ಬಂಡಿ ಕಾಲಿನ ಮೇಲೇ ಹರಿಯುತ್ತದೆ, ಮೂಳೆ ಮುರಿಯುತ್ತದೆ.

ಗೂಡಿನೊಳಗಿನ ಬಿಸಿ

ನಮ್ಮವರು ಗಮನಿಸಬೇಕಾದ ಮುಖ್ಯ ವಿಷಯವಿದು. ಡೆನ್ಮಾರ್ಕ್, ಹಾಲೆಂಡಿನ ಚಳಿ ಮಳೆಯಲ್ಲಿ ಹೊದಿಕೆ ವರದಾನ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದೇ ಹೊದಿಕೆ ಒಲೆಯಾಗಬಹುದು.

ಲೆಕ್ಕ ನೋಡಿ. ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ನಾಲ್ಕನೇ ಒಂದು ಭಾಗವನ್ನೋ ಐದನೇ ಒಂದು ಭಾಗವನ್ನೋ ಕೆಲಸಕ್ಕೆ ಬಳಸುತ್ತವೆ. ಉಳಿದದ್ದೆಲ್ಲ ಶಾಖ. ಪೆಡಲಿಗೆ 100 ವ್ಯಾಟ್ ಶಕ್ತಿ ಕೊಡುತ್ತಾ ಸಾಗುವವರ ದೇಹದಿಂದ 300ರಿಂದ 400 ವ್ಯಾಟ್ ಶಾಖ ಹೊರಬರುತ್ತದೆ. ಹಳೆಯ ನೂರು ವ್ಯಾಟಿನ ಮೂರು ನಾಲ್ಕು ಬಲ್ಬುಗಳನ್ನು ಪೆಟ್ಟಿಗೆಯೊಳಗೆ ಉರಿಸಿಟ್ಟಂತೆ. ಈ ಶಾಖ ಕಳೆಯಲು ಗಂಟೆಗೆ ಸುಮಾರು ಅರ್ಧ ಲೀಟರ್ ಬೆವರು ಆರಬೇಕು. ‘ಆರಬೇಕು’ ಎಂಬ ಮಾತನ್ನು ಗಮನಿಸಿ. ತೊಟ್ಟಿಕ್ಕಿ ಬಿದ್ದ ಬೆವರಿನಿಂದ ದೇಹ ತಂಪಾಗುವುದಿಲ್ಲ, ನೀರು ಮಾತ್ರ ನಷ್ಟ. ಗಾಳಿಯಾಡದ ಗೂಡಿನಲ್ಲಿ ಆಗುವುದು ಇದೇ.

ಆದ್ದರಿಂದ ತಲೆ ಹೊರಗಿರಲಿ. ಮೂತಿಯಲ್ಲಿ ಗಾಳಿ ಒಳಬರಲು ಕಿಂಡಿ, ಬೆನ್ನ ಹಿಂದೆ ಅದಕ್ಕಿಂತ ದೊಡ್ಡ ಕಿಂಡಿ ಇರಲಿ. ಹೊರಹೋಗಲು ದಾರಿಯಿಲ್ಲದಿದ್ದರೆ ಗಾಳಿ ಒಳಗೂ ಬರುವುದಿಲ್ಲ. ಹೊದಿಕೆ ಬಿಳಿ ಬಣ್ಣದ್ದಾಗಿರಲಿ. ಬೇಸಿಗೆಯಲ್ಲಿ ಮೂತಿ ಮಾತ್ರ ಇಟ್ಟು ಮೇಲಿನ ಭಾಗ ಕಳಚಿ ಓಡಿಸಬಹುದು. ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ತುಳಿಯಿರಿ.

ಬಾಯಾರಿಕೆಗೆ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ತಗ್ಗುವ ಅಪಾಯವಿದೆ. ಉಪ್ಪು ಹಾಕಿದ ಮಜ್ಜಿಗೆ, ಚಿಟಿಕೆ ಉಪ್ಪಿನ ನಿಂಬೆ ಪಾನಕ ಒಳ್ಳೆಯದು. ರಕ್ತದ ಒತ್ತಡ, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇರುವವರು ಇದರ ಬಗ್ಗೆ ತಮ್ಮ ವೈದ್ಯರನ್ನು ಕೇಳಬೇಕು. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ನೆರಳಿಗೆ ಬನ್ನಿ. ಮೈಗೆ ನೀರು ಹಾಕಿ ಗಾಳಿ ಬೀಸಿ. ಮಾತು ತೊದಲಿದರೆ, ಗೊಂದಲ ಕಂಡರೆ ಅದು ಬಿಸಿಲಿನ ಆಘಾತ. ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಸೇರಿಸಬೇಕು.

ಕಟ್ಟುವಾಗಲೂ ಎಚ್ಚರ

ಪ್ರವಾಸಕ್ಕೆ ಮೊದಲೇ ಮನೆಯಂಗಳದಲ್ಲಿ ಆರೋಗ್ಯ ಕೆಡಿಸಿಕೊಂಡವರಿದ್ದಾರೆ. ಅಗ್ಗವೆಂದು ಜಿ.ಐ. ಪೈಪ್ ತಂದು ಬೆಸುಗೆ ಹಾಕಬೇಡಿ. ಅದರ ಮೇಲಿನ ಸತುವು ಉರಿದು ಬರುವ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಕಾಣಿಸಿಕೊಳ್ಳುತ್ತದೆ. ಮಲೇರಿಯಾ ಎಂದು ತಪ್ಪು ತಿಳಿಯುವುದೂ ಉಂಟು. ಸತುವು ಲೇಪಿಸದ ಉಕ್ಕಿನ ಕೊಳವೆ ತಂದು, ನುರಿತ ವೆಲ್ಡಿಂಗಿನವರಿಂದಲೇ ಮಾಡಿಸಿ. ಬೆಸುಗೆಯ ಬೆಳಕನ್ನು ಮಕ್ಕಳು ಬರಿಗಣ್ಣಿನಿಂದ ನೋಡದಂತೆ ನೋಡಿಕೊಳ್ಳಿ.

ಫೈಬರ್ ಗ್ಲಾಸ್ ಉಜ್ಜುವಾಗ ಏಳುವ ದೂಳು ಚರ್ಮಕ್ಕೆ ತುರಿಕೆ, ಗಂಟಲಿಗೆ ಕೆರೆತ ತರುತ್ತದೆ. ಮುಖಗವಸು, ತುಂಬು ತೋಳಿನ ಅಂಗಿ, ಕನ್ನಡಕ ಬೇಕೇ ಬೇಕು. ರೆಸಿನ್‌ಗೆ ಒಮ್ಮೆ ಅಲರ್ಜಿ ಬಂದರೆ ಮುಂದೆ ಸ್ವಲ್ಪ ಸೋಕಿದರೂ ಚರ್ಮ ಕೆರಳುತ್ತದೆ. ಕೈಗವಸು ಹಾಕಿ, ಬಯಲಿನಲ್ಲಿ ಕೆಲಸ ಮಾಡಿ. ಮೊದಲ ಸಲ ಕಟ್ಟುವವರಿಗೆ ನನ್ನ ಸಲಹೆ ಬೇರೆಯೇ. ಜಾಹೀರಾತು ಫಲಕಗಳಿಗೆ ಬಳಸುವ ಸನ್‌ಪ್ಯಾಕ್ ಹಾಳೆ ಸಾಕು. ವಿದೇಶದ ಹವ್ಯಾಸಿಗಳೂ ಇಂಥ ಟೊಳ್ಳು ಪ್ಲಾಸ್ಟಿಕ್ ಹಾಳೆಯನ್ನೇ ಬಳಸುವುದುಂಟು. ಚಾಕುವಿನಿಂದ ಕತ್ತರಿಸಿ, ತೂತು ಹೊಡೆದು, ಪ್ಲಾಸ್ಟಿಕ್ ಟ್ಯಾಗುಗಳಿಂದ ಹೊಲಿದಂತೆ ಕಟ್ಟಿದರಾಯಿತು. ಹೊಗೆಯಿಲ್ಲ, ದೂಳಿಲ್ಲ, ಕೆಟ್ಟರೆ ಹೊಸ ಹಾಳೆ.

ಲಾರಿಯವನಿಗೆ ಕಾಣಿಸುತ್ತದೆಯೇ?

ಈಗ ಮೇಷ್ಟ್ರ ಮನೆಯವರ ಪ್ರಶ್ನೆ. ಪ್ರಾಮಾಣಿಕ ಉತ್ತರವೆಂದರೆ, ಲಾರಿಯ ಮೂತಿಗೆ ಹತ್ತಿರವಿದ್ದರೆ ಕಾಣಿಸುವುದಿಲ್ಲ. ಹಾಲೆಂಡಿನಲ್ಲಿ ಸೈಕಲ್ಲಿಗೆಂದೇ ಬೇರೆ ದಾರಿಗಳಿವೆ, ನಮ್ಮ ಹೆದ್ದಾರಿಗಳಲ್ಲಿ ಬಹುತೇಕ ಇಲ್ಲ. ಆದ್ದರಿಂದ ಸೀಟನ್ನು ಪಂದ್ಯದ ಬಂಡಿಗಳಷ್ಟು ನೆಲಕ್ಕೆ ತಾಗಿಸಬೇಡಿ. ಕಾರಿನಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ ನಿಮ್ಮ ಕಣ್ಣು ಆದಷ್ಟು ಹತ್ತಿರವಿರಲಿ. ಹಿಂದೆ ಆಳೆತ್ತರದ ಕೋಲಿಗೆ ಕಿತ್ತಳೆ ಬಣ್ಣದ ಬಾವುಟ, ಹಗಲಲ್ಲೂ ಉರಿಯುವ ದೀಪ, ಎರಡೂ ಕಡೆ ಕನ್ನಡಿ ಇರಲಿ. ಒರಗಿ ಕುಳಿತವರು ಕತ್ತು ತಿರುಗಿಸಿ ಹಿಂದೆ ನೋಡಲಾರರು. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆ ಹಿಡಿಯಿರಿ. ರಾತ್ರಿ ಸವಾರಿ ಬೇಡವೇ ಬೇಡ. ನಿಂತ ಲಾರಿ, ಬಸ್ಸಿನ ಮುಂದೆ ಎಂದೂ ನುಸುಳಬೇಡಿ.

ನಲವತ್ತು ದಾಟಿದವರು, ಎದೆನೋವು ಅಥವಾ ಏದುಸಿರು ಇರುವವರು, ಬೆನ್ನಿನ ಡಿಸ್ಕ್ ತೊಂದರೆಯಿರುವವರು ದೂರ ಪ್ರವಾಸಕ್ಕೆ ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಒರಗಿ ತುಳಿಯುವುದಕ್ಕೆ ತೊಡೆ, ಪೃಷ್ಠದ ಸ್ನಾಯುಗಳು ಬೇರೆ ರೀತಿಯಲ್ಲಿ ಪಳಗಬೇಕು. ಹಳೆಯ ಸವಾರರೂ ಮೊದಲ ವಾರ ದಿನಕ್ಕೆ ಐದು ಕಿ.ಮೀ.ಯಿಂದ ಆರಂಭಿಸಲಿ.

ಮೇಷ್ಟ್ರಿಗೆ ಆರು ವಾರ ಸೈಕಲ್ ಬಿಡಿಸಿದೆ, ಕೈಗೆ ಲಘು ವ್ಯಾಯಾಮ ಹೇಳಿದೆ. ಜೋಮು ಮೆಲ್ಲನೆ ಇಳಿಯಿತು. ಜೋಮು ಇಳಿಯದೆ ಬೆರಳ ಬಲ ಕುಗ್ಗುತ್ತಲೇ ಹೋದರೆ ನರತಜ್ಞರ ಬಳಿ ಹೋಗಲು ತಡ ಮಾಡಬಾರದು ಎಂದೂ ಹೇಳಿದ್ದೆ, ಅದರ ಅಗತ್ಯ ಬೀಳಲಿಲ್ಲ. ಕಳೆದ ತಿಂಗಳು ದಂಪತಿಗಳಿಬ್ಬರೂ ಬಂದಿದ್ದರು. ಬಂಡಿ ಇನ್ನೂ ಆಗಿಲ್ಲ. ಹಜಾರದಲ್ಲಿ ಬೆಂಚು ಬಂದು ಕುಳಿತಿದೆಯಂತೆ. ಸಂಜೆ ಮೇಷ್ಟ್ರು ಅದರ ಮೇಲೆ ಒರಗಿ ಅರ್ಧ ಗಂಟೆ ತುಳಿಯುತ್ತಾರಂತೆ. “ಇವರು ಕಾಫಿಗೆ ಎದ್ದಾಗ ನಾನೂ ಒಂದು ಹತ್ತು ನಿಮಿಷ ತುಳಿದು ನೋಡ್ತೀನಿ ಡಾಕ್ಟ್ರೇ. ಆದರೆ ಪೆಡಲ್ ನನಗೆ ದೂರ,” ಎಂದರು ಅವರ ಪತ್ನಿ.

“ಮೇಷ್ಟ್ರೇ, ಮನೆಯವರನ್ನೂ ಒಮ್ಮೆ ಗೋಡೆಗೆ ಒರಗಿಸಿ ಅಳತೆ ತೆಗೆದುಕೊಳ್ಳಿ” ಎಂದು ಹೇಳಿ ಕಳಿಸಿದೆ.